ಕೆಂಚಿ ಒಪ್ಪಿದ ಮನೆ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗನೆಂಬ ಶಿಷ್ಯ ಮನೆ ಕಟ್ಟುವ ವಿದ್ಯೆ ಕಲಿಯುತ್ತಿದ್ದ. ಗುರುಗಳ ಒಪ್ಪಿಗೆ ಸಿಕ್ಕರೆ ಊರಿಗೆ ಹೋಗಿ ಸ್ವಂತ ಕೆಲಸ ಹಿಡಿಯಬಹುದಿತ್ತು. ಗುರುಗಳು ವರ್ಷಗಳಿಂದ ಆ ವಿಷಯವನ್ನೇ ಎತ್ತಿರಲಿಲ್ಲ.

ಕೊನೆಗೆ ಅವನು ಪುಟ್ಟದೊಂದು ಮಣ್ಣಿನ ಮನೆ ಕಟ್ಟಿ ಅವರನ್ನು ಕರೆತಂದ. ಸೂರಿನ ನೀರು ತೊಟ್ಟಿಗೆ, ತೊಟ್ಟಿಯದು ಬಚ್ಚಲಿಗೆ, ಬಚ್ಚಲಿನದು ಬಾಳೆಗಿಡಗಳಿಗೆ. ಬಾಳೆಗಿಡಗಳು ಪಡುವಣ ಗೋಡೆಗೆ ನೆರಳು ಕೊಡುತ್ತಿದ್ದವು.

"ಈ ಮನೆಗೆ ಯಾರ ಹಂಗೂ ಇಲ್ಲ, ಗುರುಗಳೇ. ಬಿಸಿಲು, ಗಾಳಿ, ಮಳೆ, ಯಾವುದು ಬಂದರೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ."

ಬೇಸಿಗೆಯ ನಡುಹಗಲು. ಆಶ್ರಮದ ನಾಯಿ ಕೆಂಚಿ ಹೊರಗೆ ಎತ್ತಿನ ಗಾಡಿಯ ಕೆಳಗೆ ಮಲಗಿತ್ತು.

"ಕೆಂಚಿ ಒಳಗೆ ಬಂದಿಲ್ಲವಲ್ಲ," ಎಂದರು ಗುರುಗಳು.

"ಅದು ನಾಯಿ, ಗುರುಗಳೇ."

"ಹೌದು. ಅದಕ್ಕೆ ದಾಕ್ಷಿಣ್ಯ ಇಲ್ಲ."

ಶಂಭುಲಿಂಗ ರೊಟ್ಟಿ ತೋರಿಸಿ ಕೆಂಚಿಯನ್ನು ಒಳಗೆ ಕರೆದ. ಅದು ಬಂದು, ರೊಟ್ಟಿ ತಿಂದು, ಗಾಡಿಯ ಕೆಳಕ್ಕೆ ಹೋಯಿತು. ಪರೀಕ್ಷಕರು ಲಂಚಕ್ಕೆ ಬಗ್ಗುವವರಲ್ಲ ಎಂದು ಉಳಿದ ಶಿಷ್ಯರು ಆಡಿಕೊಂಡರು.

ಸಿಟ್ಟಿಗೆ ಅವನೂ ಗಾಡಿಯ ಕೆಳಗೆ ಹೋಗಿ ಮಲಗಿದ. ಹೊಳೆಯ ತಂಗಾಳಿ ನೆಲ ಸವರಿಕೊಂಡೇ ಬರುತ್ತಿತ್ತು. ಅವನ ಕಿಟಕಿಗಳೆಲ್ಲ ಎದೆಯೆತ್ತರದಲ್ಲಿದ್ದವು. ಮರುದಿನವೇ ಗೋಡೆಯ ಬುಡದಲ್ಲಿ ಕಿಂಡಿಗಳನ್ನು ಕೊರೆದು, ಮುಚ್ಚಲು ಹಲಗೆಯನ್ನೂ ಮಾಡಿಟ್ಟ. ಕೆಂಚಿ ಒಳಗೆ ಬಂದು ಮಲಗಿತು.

ಓಡಿಹೋಗಿ ಗುರುಗಳಿಗೆ ತಿಳಿಸಿದ. ಮಳೆಗಾಲ ಬರಲಿ ಎಂದರು.

ಮಳೆ ಹಿಡಿದದ್ದೇ ಕೆಂಚಿ ಆಶ್ರಮದ ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟಿತು. ಈ ಸಲ ಶಂಭುಲಿಂಗ ವಾದಿಸಲಿಲ್ಲ, ತಾನೂ ಪಕ್ಕದಲ್ಲಿ ಬೆನ್ನು ಕೊಟ್ಟು ಕೂತ. ಅಡುಗೆಯ ಗೌರಕ್ಕ ಸೌಟು ತೋರಿಸಿ ಇಬ್ಬರನ್ನೂ ಎಬ್ಬಿಸಿದರು. ಅಷ್ಟರಲ್ಲಿ, ಒಲೆ ಆರಿದ ಮೇಲೂ ಗೋಡೆ ಬಿಸಿಯನ್ನು ಬಿಡುವುದಿಲ್ಲವೆಂದು ಅವನ ಬೆನ್ನಿಗೆ ತಿಳಿದಿತ್ತು.

ತನ್ನ ಮನೆಯಲ್ಲಿ ಮೂಲೆಗಿದ್ದ ಒಲೆಯನ್ನು ಕಿತ್ತು ನಡುಗೋಡೆಗೆ ಸೇರಿಸಿದ. ಕೆಂಚಿ ಒಪ್ಪಿತು. ಚಳಿಗಾಲದಲ್ಲಂತೂ ಹೊರಗೆ ಕಾಣಲೇ ಇಲ್ಲ.

ಒಂದು ಬೆಳಿಗ್ಗೆ ಶಂಭುಲಿಂಗ ಹೊಳೆಯಲ್ಲಿ ಮಿಂದು ಬಂದರೆ ಕೆಂಚಿ ಹೊಸ್ತಿಲಲ್ಲೇ ಅವನನ್ನು ನೋಡಿ ಗುರ್ರೆಂದಿತು. ಒಲೆಗೋಡೆಯ ಪಕ್ಕ, ಅವನ ಚಾಪೆಯ ಮೇಲೆ, ಕಣ್ಣು ಬಿಡದ ಮರಿಗಳು.

ಒದ್ದೆ ಪಂಚೆಯಲ್ಲೇ ಗುರುಗಳ ಬಳಿ ಹೋಗಿ ದೂರಿದ. ಕಟ್ಟಿದ್ದು ತಾನು, ಕೊರೆದದ್ದು ತಾನು, ಒಲೆ ಕಿತ್ತು ಮಸಿಯಾದದ್ದು ತಾನು. ಈಗ ತನಗೇ ಒಳಗೆ ಕಾಲಿಡಲು ಆಗುತ್ತಿಲ್ಲ.

ಗುರುಗಳು ಬಂದು ಬಾಗಿಲಲ್ಲಿ ಇಣುಕಿದರು. ಕೆಂಚಿ ಅವರಿಗೂ ಗುರ್ರೆಂದಿತು. ಅವರು ಮೆಲ್ಲನೆ ಹಿಂದೆ ಸರಿದು ಶಿಷ್ಯನ ತಲೆಯ ಮೇಲೆ ಕೈಯಿಟ್ಟರು.

"ಕೆಲಸ ಕಲಿತೆ, ಶಂಭುಲಿಂಗ. ಇನ್ನು ಊರಿಗೆ ಹೊರಡು. ಈ ಮನೆಯವರಿಗೆ ತೊಂದರೆ ಕೊಡಬೇಡ."