ದವಾಖಾನೆ ತಿರುವಿನ ಗಂಜಿ ಗಾಡಿ

ಕೆರೆಯ ದಂಡೆಯ ಸಣ್ಣ ಮಠದಲ್ಲಿ ವಯಸ್ಸಾದ ಸ್ವಾಮಿಗಳೊಬ್ಬರಿದ್ದರು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ನೀಲಗಂಗಾ ಅವರ ಶಿಷ್ಯೆ. ಊರಿನ ದಿನಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ ಬರೆಯುತ್ತಿದ್ದಳು. ಸ್ಕೂಟರ್ ಮೇಲೆ ಓಡಾಡುವಾಗ ಕಣ್ಣಿಗೆ ಬಿದ್ದದ್ದೇ ಅವಳ ಬರಹ: ಕೆಟ್ಟು ನಿಂತ ಸಿಗ್ನಲ್ಲು, ಒಡೆದ ಪೈಪು, ಚುನಾವಣೆಯ ಬ್ಯಾನರಿನ ನೆರಳಲ್ಲಿ ಮಲಗಿದ ಎಮ್ಮೆ.

ಒಂದು ಗುರುವಾರ ಹಿಗ್ಗಿನಿಂದ ಮಠಕ್ಕೆ ಬಂದಳು.

“ಅಜ್ಜಾರ, ದವಾಖಾನಿ ತಿರುವಿನ ಫುಟ್‌ಪಾತ್ ಮ್ಯಾಲೆ ಒಂದು ಕೈಗಾಡಿ ಅಡ್ಡ ನಿಲ್ಲತಿತ್ರಿ. ಮಂದಿ ರಸ್ತೆಕ್ಕ ಇಳಿದು ಬಸ್ಸಿನ ಮುಂದ ನಡೀಬೇಕಿತ್ತು. ನಾ ಬರೆದೆ. ಮೂರ ದಿನದಾಗ ಮುನ್ಸಿಪಾಲ್ಟಿಯವರು ಎಬ್ಬಿಸಿದ್ರು!”

“ಯಾರ ಗಾಡಿ?”

“ಯಾವುದೋ ಹೆಣ್ಮಗಳದ್ರಿ.”

“ಹೆಸರು?”

“ಕೇಳಲಿಲ್ರಿ. ಸ್ಕೂಟರ್ ಮ್ಯಾಲಿಂದನ ಫೋಟೋ ತಗೊಂಡೆ.”

ಅಜ್ಜಾರು ಕೋಲು ಹಿಡಿದು ಎದ್ದರು.

“ನಡಿ. ನನಗೂ ತೋರಿಸು.”

ಸ್ಕೂಟರ್ ಹಿಂದೆ ಕೂತು ಅವಳ ಹೆಗಲು ಹಿಡಿದುಕೊಂಡರು. ಅಗೆದ ರಸ್ತೆ ದಾಟಿ, ಘೋಷಣೆ ಕೂಗುತ್ತಿದ್ದ ಮೆರವಣಿಗೆಯನ್ನು ಬಳಸಿಕೊಂಡು, ಇಬ್ಬರೂ ದವಾಖಾನೆ ತಿರುವಿಗೆ ಬಂದರು.

ಫುಟ್‌ಪಾತ್ ಬರಿದಾಗಿತ್ತು.

“ಎಷ್ಟು ಚೊಕ್ಕ ಆಗೇತಿ ನೋಡ್ರಿ,” ಎಂದಳು ನೀಲಗಂಗಾ.

ಅಷ್ಟರಲ್ಲಿ ದವಾಖಾನೆಯೊಳಗಿಂದ ಒಬ್ಬಾತ ಸ್ಟೀಲ್ ಡಬ್ಬಿ ಹಿಡಿದು ಬಂದ. ಅತ್ತಿತ್ತ ನೋಡಿದ.

“ಅಕ್ಕಾರ, ಇಲ್ಲೆ ಗಂಜಿ ಮಾರೂ ಮಾಬೂಬಿ ಎಲ್ಲಿ ಹೋದ್ರು? ನನ್ನ ಹೆಂಡತಿಗೆ ಆಪರೇಷನ್ ಆಗೇತ್ರಿ. ಇವತ್ತ ಗಂಜಿ ಕುಡಿಸು ಅಂದಾರ ಡಾಕ್ಟರು.”

ನೀಲಗಂಗಾ ಆತನ ಕೈಯ ಖಾಲಿ ಡಬ್ಬಿ ನೋಡಿದಳು. ಗುರುಗಳ ಕಡೆ ತಿರುಗಿದಳು.

“ನಾ ಬರೆದದ್ದು ಸುಳ್ಳಲ್ರಿ ಅಜ್ಜಾರ.”

“ಸುಳ್ಳು ಅಂತ ಯಾರಂದ್ರು? ಮೊದಲ ಆ ಡಬ್ಬಿ ತಗೋ.”

ಎರಡು ಖಾನಾವಳಿಯವರು ಆಗುವುದಿಲ್ಲ ಎಂದರು. ಮೂರನೆಯವರು ರವೆ ಗಂಜಿ ಕಾಯಿಸಿ ಕೊಟ್ಟರು. ಡಬ್ಬಿ ಆತನ ಕೈ ಸೇರಿದ ಮೇಲೆ, ದವಾಖಾನೆಯ ಆಯಾಗಳನ್ನು ಕೇಳಿ ಇಬ್ಬರೂ ಮಾಬೂಬಿಯ ಮನೆ ಹುಡುಕಿದರು. ಅದು ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಬಾಗಿಲ ಮುಂದೆ ಕೈಗಾಡಿ, ಅದರ ಮೇಲೆ ಬೋರಲು ಹಾಕಿದ ಪಾತ್ರೆ. ಮಾಬೂಬಿ ಹೊರಗೆ ಬಂದಳು.

“ಪೇಪರಿನಾಗ ಬರೆದಾಕಿ ನಾನರಿ,” ಎಂದಳು ನೀಲಗಂಗಾ.

ಮಾಬೂಬಿ ಅವಳನ್ನೇ ನೋಡಿದಳು.

“ನನಗ ಓದಾಕ ಬರೂದಿಲ್ಲವ್ವಾ. ಪೇಪರಿನಾಗ ನನ್ನ ಫೋಟೋ ಬಂದೈತಿ ಅಂತ ಮಂದಿ ಹೇಳಿದಾಗ ಖುಷಿ ಆಗಿತ್ತು.”

ನೀಲಗಂಗಾ ಹೊಸ್ತಿಲಲ್ಲೇ ಕೂತಳು. ಮಾಬೂಬಿ ಒಳಗಿಂದ ನೀರು ತಂದುಕೊಟ್ಟಳು.

“ಗಾಡಿ ಅಡ್ಡ ಇತ್ತು, ಖರೆ. ಮುದುಕರು ರಸ್ತೆಕ್ಕ ಇಳಿಯೂದು ನೋಡಿ ನನಗೂ ಅಂಜಿಕಿ ಬರ್ತಿತ್ತು. ದವಾಖಾನಿ ಗೇಟಿನೊಳಗ ಹಳೇ ಸೈಕಲ್ ಸ್ಟ್ಯಾಂಡ್ ಖಾಲಿ ಐತಿ. ನಾ ಕೇಳಿದ್ರ ಯಾರ ಕೊಡ್ತಾರ? ನಿನ್ನಂಥಾಕಿ ಕೇಳಿದ್ರ ಕೊಡ್ತಿದ್ರೇನೋ.”

ಹನ್ನೊಂದು ದಿನ ನೀಲಗಂಗಾ ಕಚೇರಿಯಿಂದ ಕಚೇರಿಗೆ ಅಲೆದಳು. ಅರ್ಜಿ ಬರೆದಳು, ಬಾಗಿಲ ಹೊರಗೆ ಕಾದಳು, ‘ನಾಳೆ ಬರ್ರಿ’ ಅಂದರೆ ನಾಳೆಯೂ ಹೋದಳು. ಹನ್ನೆರಡನೆಯ ದಿನ ಸೈಕಲ್ ಸ್ಟ್ಯಾಂಡಿನ ಮೂಲೆ ಮಾಬೂಬಿಗೆ ಸಿಕ್ಕಿತು. ಗೇಟಿನ ಏರಿನಲ್ಲಿ ಮಾಬೂಬಿ ಗಾಡಿ ಎಳೆದಳು, ನೀಲಗಂಗಾ ಹಿಂದಿನಿಂದ ತಳ್ಳಿದಳು.

ಮುಂದಿನ ಗುರುವಾರ ಅಜ್ಜಾರು ಅಲ್ಲಿಗೇ ಬಂದು, ರೋಗಿಗಳ ಕಡೆಯವರ ನಡುವೆ ಕೂತು ಗಂಜಿ ಕುಡಿಯುತ್ತಿದ್ದರು.

ನೀಲಗಂಗಾ ಮೆಲ್ಲಗೆ ಬಳಿಗೆ ಬಂದಳು.

“ಅಜ್ಜಾರ, ಪೆನ್ನು ಹಿಡಿದ್ರ ಕೈ ಹಿಂಜರಿತೈತ್ರಿ. ಎರಡು ವಾರ ಆತು, ಒಂದ ಸಾಲು ಬರೆದಿಲ್ಲ. ಬರೆಯೂದು ಬಿಟ್ಟಬಿಡ್ಲೇನ್ರಿ?”

ಅಜ್ಜಾರು ಬಟ್ಟಲು ಕೆಳಗಿಟ್ಟರು.

“ಬಿಡಬ್ಯಾಡ ಮಗಳ, ಬರಿ. ಪೇಪರಿಗೆ ಕಳಿಸೂಕಿಂತ ಮೊದಲ ಮಾಬೂಬಿಗೆ ಓದಿ ಹೇಳು.”