ಶಾಂತವ್ವ ಲಿಂಗೈಕ್ಯರಾದ ದಿನ ಅವ್ವನವರು ಉಂಡದ್ದು

೧೯೭೪ನೇ ಇಸವಿ ಮಾರ್ಚ್ ೧೨, ಮಂಗಳವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಇಷ್ಟೇ ಇದೆ: “ಬೆಳಿಗ್ಗೆ ಒಂಬತ್ತಕ್ಕೆ ಶಾಂತವ್ವ ಲಿಂಗೈಕ್ಯ. ಮಧ್ಯಾಹ್ನ ಎರಡಕ್ಕೆ ಮಣ್ಣು ಕೊಟ್ಟರು. ನಾಲ್ಕಕ್ಕೆ ಅವ್ವನವರು ಪ್ರಸಾದ ಸ್ವೀಕರಿಸಿದರು. ಇಂದುಮತಿಯೂ ಇದ್ದಳು.” ಇಂದುಮತಿ ಎಂದರೆ ನನ್ನ ತಮ್ಮ ವೀರಭದ್ರನ ಹೆಂಡತಿ. ಆ ದಿನ ಅವಳ ಮನಸ್ಸಿನಲ್ಲಿ ನಡೆದದ್ದನ್ನು ಬಹಳ ವರ್ಷಗಳ ಮೇಲೆ ಅವಳೇ ನನಗೆ ಹೇಳಿದಳು. ಅವಳು ಹೇಳಿದ್ದನ್ನು ದಿನಚರಿಯೊಂದಿಗೆ ತಾಳೆ ನೋಡಿ ಇಲ್ಲಿ ಬರೆದಿದ್ದೇನೆ.

ಅವ್ವನವರು ಎಂದು ನಾವು ಕರೆಯುತ್ತಿದ್ದ ಪೂಜ್ಯ ಬಸಲಿಂಗಮ್ಮನವರು ಆಗ ಗದಗ ಸೀಮೆಯ ನಮ್ಮ ಊರಿನಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದೆ, ತಗಡು ಹೊದಿಸಿದ ಎರಡು ಕೋಣೆಗಳಲ್ಲಿ ವಾಸವಾಗಿದ್ದರು. ಅದನ್ನು ಮಠ ಎಂದು ಕರೆಯುತ್ತಿದ್ದವರು ನಾವು, ಅವರಲ್ಲ. ಗಾಳಿ ಬೀಸಿದರೆ ಮಿಲ್ಲಿನ ಹತ್ತಿಯ ಎಳೆ ಒಳಗೆಲ್ಲ ಹಾರಾಡುತ್ತಿತ್ತು. ಅವ್ವನವರು ಗೋಣಿಚೀಲದ ಮೇಲೆ ಕುಳಿತು ಮೆಂತೆಸೊಪ್ಪು ಬಿಡಿಸುತ್ತ ಬಂದವರ ಕಷ್ಟ ಕೇಳುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಮಿಲ್ಲಿನ ಹೆಣ್ಣಾಳುಗಳು ನೂರು ಮಂದಿಯಾದರೂ ಅಲ್ಲಿ ಉಂಡು ಕೆಲಸಕ್ಕೆ ಹೋಗುತ್ತಿದ್ದರು. ಜೋಳದ ನುಚ್ಚು, ಮಜ್ಜಿಗೆ, ಒಂದು ಸೊಪ್ಪಿನ ಪಲ್ಯ. ಹಬ್ಬವಿರಲಿ, ಭಕ್ತರು ಸಕ್ಕರೆಯ ಮೂಟೆ ತಂದಿಳಿಸಲಿ, ಅವ್ವನವರ ಬಟ್ಟಲಿಗೆ ಬೀಳುತ್ತಿದ್ದುದು ಅದೇ. ಅಡುಗೆಯ ಜತೆಗಾತಿ ಶಾಂತವ್ವ. ಮೂವತ್ತೊಂದು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತವರು.

ಇಂದುಮತಿಗೆ ಆಗ ನಲವತ್ತಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸ. ಎಂಟು ತಾಸು ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು, “ಮಾತಾಡ್ರಿ, ಲೈನ್ ಐತಿ” ಎಂದು ಹೇಳಿ ಹೇಳಿ, ಕಾಲ್ ಸಿಗದವರ ಬೈಗುಳ ತಿಂದು, ಮನೆಗೆ ಬಂದರೆ ಮಂಚದ ಮೇಲೆ ಗಂಡ. ಹಿಂದಿನ ವರ್ಷ ಲಕ್ವ ಹೊಡೆದು ವೀರಭದ್ರನ ಬಲಭಾಗ ಬಿದ್ದುಹೋಗಿತ್ತು. ಅವನನ್ನು ಮಗ್ಗಲು ತಿರುಗಿಸುವುದು, ತೊಳೆಯುವುದು, ಗಂಜಿ ಕುಡಿಸುವುದು, ಹಗಲು ನೆರೆಯವಳು ಬಂದು ನೋಡಿ ಹೋಗುತ್ತಿದ್ದುದು ಬಿಟ್ಟರೆ ಎಲ್ಲ ಅವಳೇ. ಅವಳಿಗೇ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಬಲಗಾಲಿನ ಬೆರಳಿನ ಸಂದಿಯಲ್ಲಿ ಒಂದು ಹುಣ್ಣು ಎದ್ದು, ಎರಡು ತಿಂಗಳಾದರೂ ಮಾಯುವ ಲಕ್ಷಣವಿರಲಿಲ್ಲ. “ಬಾಯಿ ಕಟ್ಟದಿದ್ದರೆ ಪಾದ ಉಳಿಯೂದಿಲ್ಲ. ಗುಳಿಗಿ ಒಂದೇ ಏನೂ ಮಾಡಂಗಿಲ್ಲ” ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು.

ಬಾಯಿ ಕಟ್ಟುವುದು ಬೆಳಗಿನ ಮಟ್ಟಿಗೆ ಅವಳಿಗೆ ಸುಲಭವಾಗಿತ್ತು. ಸಂಜೆ ಐದಕ್ಕೆ ಡ್ಯೂಟಿ ಮುಗಿಯುವ ಹೊತ್ತಿಗೆ ಎದುರಿನ ಅಂಗಡಿಯಿಂದ ಮಿರ್ಚಿ ಬಜ್ಜಿ, ಚುರುಮರಿ, ನಾಲ್ಕು ಚಮಚ ಸಕ್ಕರೆಯ ಚಹಾ ಬರುತ್ತಿತ್ತು. ಪಕ್ಕದ ಟೆಲಿಫೋನ್ ಬೋರ್ಡಿನ ಸುಶೀಲಾಬಾಯಿ ಬಲು ಮಾತಿನವಳು.

“ತಗೋರಿ ಇಂದೂಬಾಯಿ. ಡಾಕ್ಟರ ಮಾತು ಅಷ್ಟ್ಯಾಕ ಕೇಳ್ತೀರಿ? ಕಟಗೊಂಡ ಗಂಡನ ಮಾತೇ ಎಂದೂ ಕೇಳಿದವರಲ್ಲ ನೀವು!”

ಎಲ್ಲರೂ ನಗುತ್ತಿದ್ದರು. ಇಂದುಮತಿಯೂ ನಕ್ಕು ಕೈ ಚಾಚುತ್ತಿದ್ದಳು. ಇಡೀ ದಿನದಲ್ಲಿ ಅವಳು ನಗುತ್ತಿದ್ದುದು ಆ ಹತ್ತು ನಿಮಿಷ ಮಾತ್ರ. ಮನೆಗೆ ಬಂದ ಮೇಲೆ ಒಲೆ ಹಚ್ಚಲು ಕೈ ಏಳುತ್ತಿರಲಿಲ್ಲ. ಡಬ್ಬಿಯಲ್ಲಿದ್ದ ಬೂಂದಿ ಉಂಡೆಯನ್ನು ನಿಂತಲ್ಲೇ ತಿಂದು ಮಲಗುತ್ತಿದ್ದಳು. ಮರುದಿನ ಪಶ್ಚಾತ್ತಾಪ. ತಪ್ಪಿಗೆ ಪ್ರಾಯಶ್ಚಿತ್ತವೆಂದು ಅಂದು ನಿರಾಹಾರ. ಗಂಡ ಗುಣವಾಗಲೆಂದು ಸೋಮವಾರವಂತೂ ಹೇಗೂ ಉಪವಾಸ. ಓಣಿಯ ಹೆಂಗಸರು ಅವಳನ್ನು ಮಹಾ ನೇಮದವಳೆಂದು ಕೊಂಡಾಡುತ್ತಿದ್ದರು. ಉಪವಾಸದ ಸಂಜೆ ಹಸಿವು ತಡೆಯದೆ ಅವಳು ತಿನ್ನುತ್ತಿದ್ದ ಉಂಡೆಗಳ ಲೆಕ್ಕ ಆ ಹೆಂಗಸರಿಗೆ ತಿಳಿದಿರಲಿಲ್ಲ.

ಆ ಮಂಗಳವಾರ ಶಾಂತವ್ವ ಲಿಂಗೈಕ್ಯರಾದ ಸುದ್ದಿ ಕೇಳಿ ನಾವೆಲ್ಲ ಮಠಕ್ಕೆ ಓಡಿದೆವು. ಇಂದುಮತಿ ರಜೆ ಹಾಕಿ ಕುಂಟುತ್ತ ಬಂದಳು. ಮಿಲ್ಲಿನ ಹಿಂದಿನ ಬಯಲಿನಲ್ಲಿ ಸಮಾಧಿ ಮಾಡಿ ಹಿಂದಿರುಗಿದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹೆಂಗಸರು ಗೋಡೆಗೆ ಒರಗಿ ಕುಳಿತು ಅಳುತ್ತಿದ್ದರು. ಲಿಂಗವಂತರಿಗೆ ಸಾವಿನ ಸೂತಕವಿಲ್ಲ ಎನ್ನುವುದು ನಿಜ. ಆದರೂ ದುಃಖದ ಮನೆಯಲ್ಲಿ ಅಂದು ಒಲೆ ಹಚ್ಚಲು ಯಾರ ಮನಸ್ಸೂ ಒಪ್ಪುವುದಿಲ್ಲ. ಅದನ್ನು ತಿಳಿದೇ ಯಾರೋ ಹೊಟೇಲಿನಿಂದ ಒಂದು ಕೊಡ ಚಹಾ, ಒಂದು ಬುಟ್ಟಿ ಮಿರ್ಚಿ, ಒಂದು ತಟ್ಟೆ ಜಿಲೇಬಿ ತರಿಸಿದ್ದರು. ಇಂದುಮತಿಯ ಕೈಗೂ ಜಿಲೇಬಿಯ ಒಂದು ಕಾಗದದ ಪೊಟ್ಟಣ ಬಂತು. ಇಂಥ ದಿನ ಎಂಥ ಪಥ್ಯ ಎಂದುಕೊಂಡು ಅವಳು ಅದನ್ನು ಬಿಚ್ಚಿದಳು.

ಅಷ್ಟರಲ್ಲಿ ಒಳಗಿನಿಂದ ಹೊಗೆ ಬಂತು.

ಅವ್ವನವರು ಸ್ನಾನ ಮಾಡಿ ಒದ್ದೆ ಕೂದಲನ್ನು ಗಂಟು ಕಟ್ಟಿ ಒಲೆ ಹಚ್ಚಿದ್ದರು. ಗಡಿಗೆಯಲ್ಲಿ ಎಸರು ಕಾಯುತ್ತಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಹಿರಿಯಳೊಬ್ಬಳು ಬಾಗಿಲಿಗೆ ಹೋಗಿ, “ಅವ್ವಾರ, ಇವತ್ತೊಂದಿನ ಬಿಡ್ರಿ. ಚಾ ಬಂದೈತಿ, ಬಾಯಾಗ ಒಂದಿಷ್ಟು ಹಾಕ್ಕೊಳ್ರಿ” ಎಂದಳು. ಅವ್ವನವರು ತಲೆ ಅಲ್ಲಾಡಿಸಿ ನುಚ್ಚು ಸುರಿದರು. ಪಕ್ಕದಲ್ಲಿ ಶಾಂತವ್ವ ಕುಳಿತುಕೊಳ್ಳುತ್ತಿದ್ದ ಮಣೆ ಖಾಲಿ ಇತ್ತು. ಜತೆಗಾತಿಯಿಲ್ಲದೆ ಒಬ್ಬರೇ ಸೊಪ್ಪು ಬಿಡಿಸಿದರು. ಅರ್ಧ ಸೊಪ್ಪು ನೆಲಕ್ಕೆ ಬಿತ್ತು. ಅದನ್ನೂ ಆಯ್ದು ತೊಳೆದರು.

ಇಂದುಮತಿಗೆ ಒಳಗೊಳಗೇ ಸಿಟ್ಟು ಬಂತಂತೆ. ಅವಳು ಮುಂದೆ ನನಗೆ ಹೇಳಿದ ಮಾತು ಇದು: “ಸನ್ಯಾಸಿಗೆ ಕರುಳಿಲ್ಲ ಅಂದುಕೊಂಡೆ ಅಕ್ಕಾ. ಮೂವತ್ತು ವರ್ಷ ಸಂಗಾಟ ಇದ್ದಾಕಿನ್ನ ಮಣ್ಣಾಗ ಇಟ್ಟು ಬಂದು ಇವರಿಗೆ ಹ್ಯಾಂಗ ಅಡಿಗಿ ಮಾಡಾಕ ಮನಸ್ಸಾಗ್ತೈತಿ ಅಂತ.”

ಅವ್ವನವರು ಬಟ್ಟಲಲ್ಲಿ ನುಚ್ಚು, ಪಲ್ಯ ಹಾಕಿಕೊಂಡು ಕುಳಿತರು. ಲಿಂಗವನ್ನು ಅಂಗೈಯಲ್ಲಿ ಇಟ್ಟು ಅರ್ಪಿಸಿದರು. ಉಣ್ಣತೊಡಗಿದರು. ಆಗ ಇಂದುಮತಿ ನೋಡಿದಳು: ಕಣ್ಣೀರು ಧಾರೆಯಾಗಿ ಇಳಿದು ಗದ್ದದಿಂದ ಬಟ್ಟಲಿಗೆ ಬೀಳುತ್ತಿತ್ತು. ಒಂದು ತುತ್ತು ಬಾಯಿಗಿಟ್ಟರೆ ನುಂಗಲು ಅರ್ಧ ನಿಮಿಷ. ಒಮ್ಮೆ ಕೆಮ್ಮಿದರು, ನೀರು ಕುಡಿದರು, ಮತ್ತೆ ತುತ್ತು ಕಲಸಿದರು. ಬಟ್ಟಲು ಬರಿದಾಗುವವರೆಗೂ ಏಳಲಿಲ್ಲ. ನಾನು ಬಾಗಿಲಲ್ಲೇ ನಿಂತು ಕೈ ಮುಗಿದೆ.

ಬಟ್ಟಲು ತೊಳೆದು ಹೊರಗೆ ಬಂದವರು ನೇರ ಇಂದುಮತಿಯ ಮುಂದೆ ನಿಂತರು.

“ಕಾಲು ಹ್ಯಾಂಗೈತಿ?”

“ಹಂಗ ಐತ್ರಿ ಅವ್ವಾ.” ಅವಳು ಪೊಟ್ಟಣವನ್ನು ಸೆರಗಿನಡಿ ಸರಿಸಿದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: “ಇವತ್ತ ನಿಮಗ ಉಣಬೇಕಂತ ಹ್ಯಾಂಗ ಅನಿಸ್ತ್ರಿ?”

“ಅನಿಸಲಿಲ್ಲ” ಎಂದರು ಅವ್ವನವರು. “ನಾಳೆ ಮುಂಜಾನೆ ನೂರು ಮಂದಿಗೆ ನೀಡಬೇಕು. ಶಾಂತವ್ವ ಇಲ್ಲ. ಈ ಎರಡು ಕೈಯೇ ನೀಡಬೇಕು.”

ಇಂದುಮತಿ ಪೊಟ್ಟಣವನ್ನು ಗೋಡೆಯ ಬದಿಗೆ ಇಟ್ಟಳು.

“ನಿನ್ನ ಗಂಡನ್ನ ಎತ್ತಿ ಕುಂದ್ರಿಸೋ ಕೈ ಯಾವು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವ್ವನವರು ಅವಳನ್ನು ಒಳಗೆ ಕರೆದು ಗಡಿಗೆಯಲ್ಲಿ ಉಳಿದಿದ್ದನ್ನು ನೀಡಿದರು. ಅವಳ ಸಂಜೆಯ ಪಾಡನ್ನು ಅವರು ಮೊದಲೇ ಅವಳ ಬಾಯಿಂದ ಕೇಳಿದ್ದರು. ಅವಳು ಉಣ್ಣುವಾಗ ಎರಡೇ ಮಾತು ಹೇಳಿದರು. “ಸಂಜಿಗೆ ದಣಿವು ಬರ್ತೈತಿ ಅಂತ ಮುಂಜಾನೆ ಗೊತ್ತಿರ್ತೈತಿ. ಮುಂಜಾನೆಯೇ ಸಂಜಿ ರೊಟ್ಟಿ ಕಟ್ಟಿಡು. ಮತ್ತ ನಿಂತು ತಿನ್ನಬ್ಯಾಡ, ಲಿಂಗಕ್ಕ ತೋರಿಸಿ ತಿನ್ನು. ತೋರಿಸಾಕ ನಾಚಿಕಿ ಬಂದದ್ದು ನಿಂದಲ್ಲ.”

ಜಿಲೇಬಿಯ ಪೊಟ್ಟಣ ಗೋಡೆಯ ಬದಿಯಲ್ಲೇ ಉಳಿಯಿತು. ಯಾರೋ ಹಸುವಿಗೆ ಹಾಕಿದರು.

ಮರುದಿನದಿಂದಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಐದಕ್ಕೆ ಎದ್ದು ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿ, ಎರಡು ಹೊತ್ತಿನದನ್ನೂ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಮಿರ್ಚಿ ಬಂದಾಗ ಮೂಲೆಯ ಬೆಂಚಿಗೆ ಹೋಗಿ, ಕೊರಳ ಲಿಂಗವನ್ನು ಕೈಗೆ ತೆಗೆದುಕೊಂಡು, ಗಂಟು ಬಿಚ್ಚುತ್ತಿದ್ದಳು. ಸುಶೀಲಾಬಾಯಿ ಮೊದಮೊದಲು, “ನಮ್ಮ ಆಫೀಸಿನಾಗ ಮಠ ಆತಲ್ರೆವಾ!” ಎಂದು ನಗಾಡಿದಳು. ಕೆಲವು ದಿನಗಳಲ್ಲಿ ಜತೆಯವರು ಇಂದುಮತಿಯನ್ನು ಕರೆಯುವುದನ್ನೇ ಬಿಟ್ಟರು. ಆ ಹತ್ತು ನಿಮಿಷದ ನಗುವೂ ಹೋಯಿತು.

ಯುಗಾದಿ ಕಳೆದ ಮೇಲೆ ಒಂದು ದಿನ ಸೋತಳು. ಗಂಡನ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಎದ್ದಿತ್ತು. ಅವತ್ತೇ ಬೋರ್ಡಿನಲ್ಲಿ ಲೈನು ಕೆಟ್ಟು ಊರಿನ ಅರ್ಧ ವ್ಯಾಪಾರಿಗಳು ಅವಳನ್ನೇ ಬೈದಿದ್ದರು. ರೊಟ್ಟಿಯ ಗಂಟು ಪಕ್ಕದಲ್ಲೇ ಇರುವಾಗ ಐದು ಉಂಡೆ ತಿಂದಳು. ನೇರ ಮಠಕ್ಕೆ ಹೋಗಿ ಅವ್ವನವರ ಕಾಲಿಗೆ ಬಿದ್ದಳು.

“ನಾಳೆ ನೀರು ಸುದ್ದಾ ಮುಟ್ಟಂಗಿಲ್ರಿ ಅವ್ವಾ. ಶಿಕ್ಷಾ ಆಗ್ಲಿ ಈ ಹೊಟ್ಟಿಗೆ.”

“ನಾಳೆ ಉಪಾಸ ಮಾಡಿದ್ರ ನಾಡಿದ್ದ ಹತ್ತು ತಿಂತಿ” ಎಂದರು ಅವ್ವನವರು, ಸೊಪ್ಪಿನಿಂದ ಕಣ್ಣೆತ್ತದೆ. “ಈಗ ಸಂಜಿಗೆ ಏನ್ ಉಣ್ತಿ ಹೇಳು.”

“ರೊಟ್ಟಿ ಐತ್ರಿ.”

“ಹೋಗಿ ಉಣ್ಣು. ಸೋಮವಾರದ್ದೂ ಬಿಡು. ನಾ ಹೇಳೀನಿ ಅಂತ ಬಿಡು.”

ಅಂದಿನಿಂದ ಅವಳು ಉಪವಾಸ ಮಾಡಲಿಲ್ಲ. ಓಣಿಯವರು ನೇಮಗೆಟ್ಟಳು ಎಂದರು. ಗಂಡನಿಗಾಗಿ ಹಿಡಿದ ವ್ರತವನ್ನು ಅವನು ಬದುಕಿರುವಾಗಲೇ ಬಿಟ್ಟಳು ಎಂದು ನಾನೂ ಅಂದೆ. ಜಾರಿದ ಮರುಹೊತ್ತೇ ಮತ್ತೆ ರೊಟ್ಟಿಯ ಮುಂದೆ ಕುಳಿತುಕೊಳ್ಳುವುದು ಅವಳಿಗೆ ಅಭ್ಯಾಸವಾಯಿತು. ಜಾರುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತಿತು.

೧೯೭೫ರ ಆಗಸ್ಟ್ ೨೧, ಗುರುವಾರ ಮಧ್ಯಾಹ್ನ ವೀರಭದ್ರ ತೀರಿಕೊಂಡ. ಅವನಿಗೆ ಹೆಚ್ಚಾಗಿದ್ದರಿಂದ ಅಂದು ರಜೆ ಹಾಕಿ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ನೆರೆಯವರ ಕೈಲಿ ನನಗೆ ಹೇಳಿಕಳಿಸಿ, ಅವನ ಮೈ ಒರೆಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದಳು. ಬೆಳಗಿನ ಗುಳಿಗೆ ನುಂಗಿದ್ದಳು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಲೆ ತಿರುಗಿ ಕಣ್ಣಿಗೆ ಕತ್ತಲೆ ಬಂತು. ಇನ್ನು ಸ್ವಲ್ಪ ಹೊತ್ತಿಗೆ ಜನ ಬರುತ್ತಾರೆ, ನಾಳೆಯವರೆಗೆ ತಾನು ನಿಂತಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಗಂಟು ಬಿಚ್ಚಿ, ಲಿಂಗಕ್ಕೆ ಅರ್ಪಿಸಿ, ರೊಟ್ಟಿ ಮುರಿದಳು.

ನಾನು ಒಳಗೆ ಕಾಲಿಟ್ಟದ್ದು ಆಗ. ಹೊರಗಿನ ಕೋಣೆಯಲ್ಲಿ ನನ್ನ ತಮ್ಮನ ಹೆಣ, ಒಳಗೆ ಇವಳ ಕೈಯಲ್ಲಿ ತುತ್ತು.

“ಅಷ್ಟು ಹಸಿವೇನವಾ ನಿನಗ?” ಎಂದೆ.

“ಹಸಿವಿಲ್ರಿ ಅಕ್ಕಾ” ಎಂದಳು. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, ಮತ್ತೊಂದು ತುತ್ತು ಮುರಿದಳು. ಅವಳ ಗದ್ದ ಒದ್ದೆಯಾಗಿತ್ತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

ಹದಿನೇಳು ತಿಂಗಳ ಹಿಂದೆ ಅದೇ ಕಾರ್ಯವನ್ನು ಮಠದ ಬಾಗಿಲಲ್ಲಿ ಕಂಡು ಕೈ ಮುಗಿದವಳು ನಾನು. ಪೂಜ್ಯರು ಮಾಡಿದರೆ ಅದು ಲೀಲೆ, ಮನೆಯ ಸೊಸೆ ಮಾಡಿದರೆ ನಾಚಿಕೆಗೇಡು ಎಂದುಕೊಂಡೆ. ಬಿ.ಎ. ಓದಿದ ಹೆಮ್ಮೆ ಇದ್ದ ನನಗೆ ಎರಡೂ ಒಂದೇ ಎಂಬುದು ಹೊಳೆಯಲಿಲ್ಲ. ಗಂಡನ ಹೆಣ ಮನೆಯಲ್ಲಿರುವಾಗಲೇ ಉಂಡಳೆಂದು ಅಂದು ಬಂದ ನೆಂಟರಿಗೆಲ್ಲ ನಾನೇ ಹೇಳಿದೆ.

೧೯೮೬ರ ಜೂನಿನಲ್ಲಿ ನನಗೂ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ವಾರ, ನಾನಾಗಿಯೇ ಅವಳ ಮನೆಗೆ ಹೋದೆ. ಅವಳು “ಬರ್ರಿ ಅಕ್ಕಾ” ಎಂದು ಮಣೆ ಹಾಕಿ, ತನ್ನ ಗಂಟಿನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ಅವ್ವನವರ ಸಂಗತಿಯನ್ನೆಲ್ಲ ಹೇಳಿದ್ದು ಅಂದೇ.

ಒಟ್ಟು ಆದದ್ದು ಇಷ್ಟು. ಅವಳ ಬಲಗಾಲಿನ ಎರಡು ಬೆರಳುಗಳನ್ನು ೧೯೭೪ರ ಮೇ ತಿಂಗಳಲ್ಲಿ ಕತ್ತರಿಸಬೇಕಾಯಿತು. ಪಥ್ಯ ಹಿಡಿಯುವ ಹೊತ್ತಿಗೆ ಅವು ಕೈಮೀರಿದ್ದವು. ಪಾದ ಉಳಿಯಿತು. ನಿವೃತ್ತಿಯವರೆಗೂ ಅವಳು ಅದೇ ಬೋರ್ಡಿನ ಮುಂದೆ ಕೆಲಸ ಮಾಡಿದಳು. ನನ್ನ ಇಬ್ಬರು ಮಕ್ಕಳ ಮದುವೆಗೂ ಅವಳನ್ನು ಕರೆದಿರಲಿಲ್ಲ. ಆ ಜೂನ್ ತಿಂಗಳಿಗೆ ನಾನು ಅವಳ ಹೊಸ್ತಿಲು ತುಳಿಯದೆ ಹತ್ತು ವರ್ಷ ಹತ್ತು ತಿಂಗಳು ಕಳೆದಿದ್ದವು. ಅಷ್ಟು ದಿನವೂ ಎರಡು ಹೊತ್ತು ಅವಳು ಒಬ್ಬಳೇ ಕುಳಿತು ಉಂಡಳು.