ಹಸಿ ಸೌದೆಯ ಒಲೆಪೂಜೆ

ಮಗಳ ಮದುವೆ ಅಡುಗೆಗೆ ಶಿವನಂಜೇಗೌಡ ಕೊಟ್ಟದ್ದು ಹಸಿ ಹುಣಸೆ ಸೌದೆ. ಒಣಗಿದ್ದನ್ನೆಲ್ಲ ಮಾರೋಕೆ ಅಂತ ಕೊಠಡಿಗೆ ತುಂಬಿ ಬೀಗ ಜಡಿದಿದ್ದ. ಇಂಥವನಿಗೆ ಬಾಯಿ ಮಾತ್ರ ಜೋರು.

"ಇದು ಹತ್ತಲ್ಲ ಬುದ್ಧಿ" ಅಂದಳು ಅಡುಗೆಯ ಚೌಡಮ್ಮ.

"ಒಲೆ ಹಚ್ಚೋಕೆ ಬರದವಳು ಮದುವೆ ಅಡುಗೆಗೆ ಯಾಕೆ ಬಂದೆ?" ಅಂತ ಎಲ್ಲರೆದುರು ಬೈದ.

ಚೌಡಮ್ಮ ಅದೇ ಸೌದೆಯನ್ನು ಒಲೆಗೆ ಒಟ್ಟಿ, ಅರಿಶಿನ ಕುಂಕುಮ ಇಟ್ಟು, ಗಂಡಿನ ಕಡೆಯವರನ್ನೆಲ್ಲ ಕರೆದಳು.

"ಒಲೆಪೂಜೆ. ಮೊದಲ ಬೆಂಕಿ ಯಜಮಾನರೇ ಹಚ್ಚಬೇಕು."

ಗೌಡ ಹಚ್ಚಿದ. ಕರ್ಪೂರ ಉರಿಯಿತು, ಸೌದೆ ಉರಿಯಲಿಲ್ಲ. ಬಗ್ಗಿ ಊದಿದ. ಹೊಗೆ ಮುಖಕ್ಕೇ ನುಗ್ಗಿ ಕಣ್ಣೀರು ಸುರಿಯಿತು.

"ಮಗಳನ್ನ ಕಳಿಸೋ ದುಃಖ ಈಗಲೇ ಬಂತಾ ಬೀಗರೇ?" ಅಂದಳು ಗಂಡಿನ ತಾಯಿ.

ಗೌಡ ಕೊಠಡಿ ಬೀಗದಕೈ ಚೌಡಮ್ಮನಿಗೆ ಕೊಟ್ಟ.

ಒಣ ಸೌದೆ ಒಂದೇ ಕಡ್ಡಿಗೆ ಹತ್ತಿತು.

"ನೋಡಿ ಬುದ್ಧಿ," ಅಂದಳು ಚೌಡಮ್ಮ, "ನನಗೂ ಒಲೆ ಹಚ್ಚೋಕೆ ಬಂತು."